ಗೇಮ್ ವಿಮರ್ಶೆ: ಪ್ರಕಾರ ಬದಲಾದಂತೆ ನಾನು ನೋಡುವ ಸಂಗತಿಗಳು

ಯಾವ ಪ್ರಕಾರದ ಕನ್ಸೋಲ್ ಗೇಮ್ ಕೈಗೆ ಬಂದರೂ, ಅದರಲ್ಲಿ ಆಟಗಾರ ಮತ್ತೆ ಮತ್ತೆ ಮಾಡಬೇಕಾದ ಕೆಲಸ ಯಾವುದು ಎಂಬುದನ್ನು ನಾನು ಮೊದಲು ಗುರುತಿಸಿಕೊಳ್ಳುತ್ತೇನೆ. ಅಡೆತಡೆಗಳನ್ನು ಹಾರಿ ದಾಟುತ್ತ ಸಾಗುವ ಪ್ಲಾಟ್‌ಫಾರ್ಮರ್‌ನಲ್ಲಿ ಅದು ಜಿಗಿತ, ರೇಸಿಂಗ್‌ನಲ್ಲಿ ತಿರುವು, ಫೈಟಿಂಗ್ ಗೇಮ್‌ನಲ್ಲಿ ಹೊಡೆತ ಮತ್ತು ತಡೆ, ಆರ್‌ಪಿಜಿಯಲ್ಲಿ (ಪಾತ್ರವೊಂದನ್ನು ವಹಿಸಿಕೊಂಡು ಅದನ್ನು ಬೆಳೆಸುತ್ತ ಆಡುವ ರೋಲ್ ಪ್ಲೇಯಿಂಗ್ ಗೇಮ್) ಬಹುಮಟ್ಟಿಗೆ ಕಾಳಗದ ಮೆನು. ಆಟ ಮುಗಿಯುವಷ್ಟರಲ್ಲಿ ಲೆಕ್ಕವಿಲ್ಲದಷ್ಟು ಸಲ ಮಾಡಬೇಕಾದ ಆ ಒಂದು ಕ್ರಿಯೆ ಹಿತವಾಗಿಲ್ಲದಿದ್ದರೆ, ಕಥೆಯಾಗಲಿ ಗ್ರಾಫಿಕ್ಸ್ ಆಗಲಿ ಆ ಕೊರತೆಯನ್ನು ತುಂಬಿಕೊಡಲಾರವು ಎಂದು ನಾನು ದೃಢವಾಗಿ ನಂಬಿದ್ದೇನೆ. ಎಲ್ಲ ಪ್ರಕಾರಗಳನ್ನೂ ಒಬ್ಬರೇ ವಿಮರ್ಶಿಸುವಾಗ ನನಗೆ ದಾರಿ ತೋರಿಸಿರುವುದು ಈ ಒಂದೇ ಪ್ರಶ್ನೆ.

ಪ್ಲಾಟ್‌ಫಾರ್ಮರ್ ಆದರೆ ಮೊದಲ ಹಂತದಲ್ಲೇ ಸಾಕಷ್ಟು ಹೊತ್ತು ಉಳಿದುಬಿಡುತ್ತೇನೆ. ಬಟನ್ ಅನ್ನು ತಟ್ಟಿ ಬಿಟ್ಟಾಗಲೂ ಒತ್ತಿ ಹಿಡಿದಾಗಲೂ ಜಿಗಿತದ ಎತ್ತರ ಎಷ್ಟು ಬದಲಾಗುತ್ತದೆ, ಗಾಳಿಯಲ್ಲಿರುವಾಗ ದಿಕ್ಕು ಬದಲಿಸಬಹುದೇ, ಅಂಚಿನಿಂದ ಕಾಲು ಜಾರಿದ ಮರುಕ್ಷಣ ಒತ್ತಿದ ಬಟನ್ ಅನ್ನು ಆಟ ಒಪ್ಪಿಕೊಳ್ಳುತ್ತದೆಯೇ ಎಂದು ಪರೀಕ್ಷಿಸುತ್ತೇನೆ. 2018ರ ‘ಸೆಲೆಸ್ಟ್’ ಅಂಚು ದಾಟಿದ ಮೇಲೂ ಕೆಲವು ಫ್ರೇಮ್‌ಗಳ (ಪರದೆಯ ಮೇಲೆ ಒಂದರ ಹಿಂದೊಂದು ಮೂಡುವ ಸ್ಥಿರಚಿತ್ರಗಳ) ಕಾಲ ಜಿಗಿಯಲು ಅವಕಾಶ ಕೊಡುತ್ತದೆ. ಈ ಔದಾರ್ಯ ಪರದೆಯ ಮೇಲೆ ಕಾಣಿಸುವುದಿಲ್ಲ. ಆದರೂ ಅಷ್ಟು ಕಠಿಣವಾದ ಆಟ ಅನ್ಯಾಯದ್ದೆಂದು ಅನ್ನಿಸದಿರುವುದಕ್ಕೆ ಇದು ದೊಡ್ಡ ಕಾರಣ. ಅದೇ ಆಟದ ಅಸಿಸ್ಟ್ ಮೋಡ್‌ನಲ್ಲಿ ವೇಗವನ್ನು ಅರ್ಧಕ್ಕೆ ಇಳಿಸಬಹುದು, ಸಾವೇ ಬಾರದಂತೆಯೂ ಮಾಡಿಕೊಳ್ಳಬಹುದು. ಇಂಥ ಸೌಲಭ್ಯಗಳನ್ನು ಬಳಸಿ ಒಮ್ಮೆ ಆಡದೆ ನಾನು ವಿಮರ್ಶೆ ಬರೆಯುವುದಿಲ್ಲ, ಏಕೆಂದರೆ ಅವು ಕೆಲವು ಓದುಗರ ಪಾಲಿಗೆ ಆಟದ ಬಾಗಿಲೇ ಆಗಿರುತ್ತವೆ.

ಹೆಚ್ಚಿನ ಸಿದ್ಧತೆ ಬೇಡುವುದು ಫೈಟಿಂಗ್ ಗೇಮ್. ಸೆಕೆಂಡಿಗೆ 60 ಫ್ರೇಮ್‌ಗಳಂತೆ ಓಡುವ ಆಟದಲ್ಲಿ ಒಂದು ಫ್ರೇಮ್ ಎಂದರೆ ಸುಮಾರು 16.7 ಮಿಲಿಸೆಕೆಂಡ್. 2023ರಲ್ಲಿ ಬಂದ ‘ಸ್ಟ್ರೀಟ್ ಫೈಟರ್ 6’ರಲ್ಲಿ ಅತ್ಯಂತ ಚುರುಕಾದ ಸಾಮಾನ್ಯ ಹೊಡೆತಗಳು 4ನೇ ಫ್ರೇಮ್‌ನಲ್ಲೇ ತಗಲುತ್ತವೆ. ಚಿತ್ರವನ್ನು ಚಂದಗೊಳಿಸಲು ಟಿವಿ ತಾನೇ ಮಾಡುವ ಸಂಸ್ಕರಣೆ ಅಷ್ಟೇ ವಿಳಂಬವನ್ನು, ಕೆಲವೊಮ್ಮೆ ಅದಕ್ಕಿಂತ ಹೆಚ್ಚಿನದನ್ನೂ ಸೇರಿಸಬಲ್ಲದು. ಹಾಗಾದಾಗ ಟಿವಿಯ ದೋಷ ಆಟದ ತಲೆಗೆ ಬರುತ್ತದೆ. ಆದ್ದರಿಂದ ಟಿವಿಯನ್ನು ಈ ಸಂಸ್ಕರಣೆಯನ್ನು ಕಡಿಮೆ ಮಾಡುವ ಗೇಮ್ ಮೋಡ್‌ಗೆ ಹಾಕಿ, ಪ್ರತಿ ಸಲವೂ ಅದೇ ಟಿವಿ ಮತ್ತು ಅದೇ ಕಂಟ್ರೋಲರ್ ಬಳಸುತ್ತೇನೆ.

ಆನ್‌ಲೈನ್ ಪಂದ್ಯಗಳ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು. ಹಳೆಯ ಪದ್ಧತಿಯಲ್ಲಿ ಎದುರಾಳಿಯ ಬಟನ್ ಸಂದೇಶ ಬರುವವರೆಗೂ ಆಟ ಕಾಯುತ್ತಿತ್ತು. ರೋಲ್‌ಬ್ಯಾಕ್ ಪದ್ಧತಿಯಲ್ಲಿ ಅವನು ಏನು ಮಾಡಬಹುದೆಂದು ಊಹಿಸಿ ಮುಂದುವರಿದು, ಊಹೆ ತಪ್ಪಿದ್ದರೆ ಕೆಲವು ಫ್ರೇಮ್ ಹಿಂದಕ್ಕೆ ಹೋಗಿ ತಿದ್ದಿಕೊಳ್ಳುತ್ತದೆ. ಒಳ್ಳೆಯ ರೋಲ್‌ಬ್ಯಾಕ್ ಇದೆಯೇ ಎಂಬುದು ಹತ್ತಿರದ ಎದುರಾಳಿಯೊಂದಿಗೆ ಆಡಿದರೆ ತಿಳಿಯುವುದಿಲ್ಲ. ದೂರದೂರದ ಆಟಗಾರರೊಂದಿಗೆ, ಕೇಬಲ್ ಹಾಕಿಯೂ ವೈಫೈನಲ್ಲೂ ಆಡಬೇಕಾಗುತ್ತದೆ. ಬಿಡುಗಡೆಗೆ ಮುನ್ನ ಸರ್ವರ್‌ನಲ್ಲಿ ಬೆರಳೆಣಿಕೆಯ ಜನ ಮಾತ್ರ ಇರುವುದರಿಂದ, ಆನ್‌ಲೈನ್ ಭಾಗದ ತೀರ್ಪನ್ನು ಸಾಮಾನ್ಯ ಆಟಗಾರರು ಬಂದು ಸೇರಿದ ಮೇಲೆಯೇ ಕೊಡುವುದು ನನ್ನ ಕ್ರಮ.

ರೇಸಿಂಗ್ ಗೇಮ್‌ಗಳಲ್ಲಿ ಒಂದೇ ಟ್ರ್ಯಾಕ್, ಒಂದೇ ಕಾರು ಹಿಡಿದುಕೊಂಡು ಸಹಾಯಕ ಸೆಟ್ಟಿಂಗ್‌ಗಳನ್ನೆಲ್ಲ ಹಾಕಿ, ಆಮೇಲೆ ತೆಗೆದು ಓಡಿಸುತ್ತೇನೆ. ಸ್ಟೀರಿಂಗ್ ವೀಲ್ ಇದ್ದರೂ ತೀರ್ಪು ಕಂಟ್ರೋಲರ್ ಆಧರಿಸಿಯೇ ಇರುತ್ತದೆ, ಏಕೆಂದರೆ ಹೆಚ್ಚಿನವರ ಕೈಯಲ್ಲಿರುವುದು ಅದೇ. ‘ಗ್ರ್ಯಾನ್ ಟುರಿಸ್ಮೊ 7’ರಲ್ಲಿ ಬ್ರೇಕ್ ಹಿಡಿದಾಗ ಪ್ಲೇಸ್ಟೇಷನ್ 5ರ ಕಂಟ್ರೋಲರ್‌ನ ಟ್ರಿಗರ್ ಬೆರಳಿಗೆ ಎದುರೊತ್ತು ಕೊಡುವುದು ಬರೀ ಅಲಂಕಾರವಲ್ಲ, ಬ್ರೇಕ್ ಎಷ್ಟು ಹಿಡಿದಿದ್ದೇನೆ ಎಂಬ ಮಾಹಿತಿ ಅದರಿಂದಲೇ ಬರುತ್ತದೆ.

ಆರ್‌ಪಿಜಿಯಲ್ಲಿ ನನ್ನ ಪ್ರಶ್ನೆಗೆ ಉತ್ತರ ನಿಧಾನವಾಗಿ ಸಿಗುತ್ತದೆ. ‘ಪರ್ಸೋನಾ 5’ರಂತಹ ಆಟವನ್ನು ಪೂರ್ತಿ ಆಡಲು ನೂರು ಗಂಟೆಯಷ್ಟು ಬೇಕಾಗಬಹುದು. ಅದರಲ್ಲಿ ಕಾಳಗದ ಆಯ್ಕೆಗಳು ಮೇಲಿನಿಂದ ಕೆಳಕ್ಕೆ ಪಟ್ಟಿಯಾಗಿ ನಿಂತಿಲ್ಲ, ಒಂದೊಂದು ಆಯ್ಕೆಗೂ ನೇರವಾಗಿ ಒಂದೊಂದು ಬಟನ್ ಇದೆ. ಮೊದಲ ಗಂಟೆಯಲ್ಲಿ ಅದು ಬರೀ ಸೊಗಸಾಗಿ ಕಾಣುತ್ತದೆ. ಐವತ್ತನೆಯ ಗಂಟೆಯಲ್ಲಿ, ಬೆರಳು ಯೋಚಿಸದೆ ಚಲಿಸುವಾಗ, ಅದರ ಬೆಲೆ ಅರ್ಥವಾಗುತ್ತದೆ. ಹೀಗಾಗಿ ದೀರ್ಘ ಆಟಗಳ ಟಿಪ್ಪಣಿಯನ್ನು ಆರಂಭ, ನಡುಭಾಗ, ಕೊನೆ ಎಂದು ಬೇರೆಬೇರೆಯಾಗಿ ಬರೆದಿಡುತ್ತೇನೆ. ನಡುಭಾಗದ ಟಿಪ್ಪಣಿಯನ್ನು ನಾನು ಹೆಚ್ಚು ನಂಬುತ್ತೇನೆ, ಏಕೆಂದರೆ ಅಲ್ಲಿ ಹೊಸತನವೂ ಇರುವುದಿಲ್ಲ, ಮುಗಿಸಿದ ತೃಪ್ತಿಯೂ ಇರುವುದಿಲ್ಲ.

ಹಾರರ್ ಗೇಮ್‌ನಲ್ಲಿ ಮತ್ತೆ ಮತ್ತೆ ಮಾಡುವ ಕೆಲಸ ಎಂದರೆ ಕೇಳಿಸಿಕೊಳ್ಳುವುದು. 2019ರಲ್ಲಿ ಹೊಸದಾಗಿ ರೂಪಿಸಿದ ‘ರೆಸಿಡೆಂಟ್ ಈವಿಲ್ 2’ರಲ್ಲಿ ಬೆನ್ನಟ್ಟಿ ಬರುವ ದೈತ್ಯನ ಹೆಜ್ಜೆಸಪ್ಪಳದಿಂದಲೇ ಅವನು ಎಷ್ಟು ಹತ್ತಿರದಲ್ಲಿದ್ದಾನೆಂದು ಅಂದಾಜಿಸಬೇಕಾಗುತ್ತದೆ. ಇವನ್ನು ಹೆಡ್‌ಫೋನ್ ಹಾಕಿಕೊಂಡೇ ಆಡುತ್ತೇನೆ. ಪಜಲ್ ಗೇಮ್‌ನ ಕಷ್ಟವೇ ಬೇರೆ: ಉತ್ತರ ಒಮ್ಮೆ ಗೊತ್ತಾದರೆ ಮೊದಲ ಸಲದ ಅನುಭವ ಮರಳಿ ಬಾರದು. ಆದ್ದರಿಂದ ಎಲ್ಲಿ ತಡವರಿಸಿದೆ, ಏನನ್ನು ಊಹಿಸಿದೆ ಎಂಬುದನ್ನು ಆಡುತ್ತಲೇ ಬರೆದುಕೊಳ್ಳುತ್ತೇನೆ. ‘ರಿಟರ್ನ್ ಆಫ್ ದಿ ಓಬ್ರಾ ಡಿನ್’ ಸರಿಯುತ್ತರಗಳನ್ನು ಮೂರು ಮೂರಾಗಿ ಮಾತ್ರ ಖಚಿತಪಡಿಸುತ್ತದೆ. ಬರೀ ಊಹೆಯಿಂದ ದಾಟುವುದನ್ನು ಇಷ್ಟು ಸರಳವಾಗಿ ತಡೆದ ವಿನ್ಯಾಸ ಅಪರೂಪ.

ಪ್ರಕಾರ ಯಾವುದೇ ಇರಲಿ, ಆಡಿದ ಯಂತ್ರ ಯಾವುದೆಂದು ಹೇಳಲೇಬೇಕು. 2020ರ ಡಿಸೆಂಬರ್‌ನಲ್ಲಿ ‘ಸೈಬರ್‌ಪಂಕ್ 2077’ ಬಿಡುಗಡೆಯಾಗುವ ಮುನ್ನ ವಿಮರ್ಶಕರಿಗೆ ಸಿಕ್ಕಿದ್ದು ಪಿಸಿ ಆವೃತ್ತಿ. ಹಳೆಯ ಕನ್ಸೋಲ್‌ಗಳಲ್ಲಿ ಆಟದ ಸ್ಥಿತಿ ಎಷ್ಟು ಕೆಟ್ಟದಾಗಿತ್ತೆಂದರೆ, ಪ್ಲೇಸ್ಟೇಷನ್ ತಯಾರಿಸುವ ಸೋನಿ ಅದನ್ನು ಅದೇ ತಿಂಗಳು ತನ್ನ ಆನ್‌ಲೈನ್ ಅಂಗಡಿಯಿಂದ ತೆಗೆದುಹಾಕಿತು. ಅದು ಅಲ್ಲಿಗೆ ಮರಳಿದ್ದು 2021ರ ಜೂನ್‌ನಲ್ಲಿ. ಪಿಸಿಯಲ್ಲಿ ಆಡಿ ಬರೆದ ಹೊಗಳಿಕೆ ಪ್ರಾಮಾಣಿಕವಾಗಿದ್ದರೂ ಕನ್ಸೋಲ್ ಇದ್ದವರಿಗೆ ಅದರಿಂದ ಪ್ರಯೋಜನವಾಗಲಿಲ್ಲ.

ಅಂಕ ಕೊಡುವುದರ ಬಗ್ಗೆ ನನಗೆ ಹಿಂಜರಿಕೆ ಇದೆ. ಪಜಲ್ ಗೇಮ್‌ಗೆ ಕೊಟ್ಟ 8ಕ್ಕೂ ಫೈಟಿಂಗ್ ಗೇಮ್‌ಗೆ ಕೊಟ್ಟ 8ಕ್ಕೂ ಹೋಲಿಕೆಯೇ ಇಲ್ಲ. ಜಪಾನಿನ ‘ಫಾಮಿತ್ಸು’ ಪತ್ರಿಕೆಯಲ್ಲಿ ನಾಲ್ವರು ತಲಾ 10ರಂತೆ ಅಂಕ ಕೊಟ್ಟು ಒಟ್ಟು 40ಕ್ಕೆ ಲೆಕ್ಕ ಹಾಕುತ್ತಾರೆ. ಒಟ್ಟು ಮೊತ್ತಕ್ಕಿಂತ ಆ ನಾಲ್ಕು ಅಂಕಗಳ ನಡುವಿನ ಅಂತರವೇ ನನಗೆ ಹೆಚ್ಚು ಉಪಯುಕ್ತವೆನಿಸುತ್ತದೆ. ಒಬ್ಬನೇ ಬರೆಯುವವನಿಗೆ ಆ ಅನುಕೂಲವಿಲ್ಲ. ಹಾಗಾಗಿ ಅಂಕದ ಕೆಳಗೆ ಯಾವ ಕನ್ಸೋಲ್, ಯಾವ ಆವೃತ್ತಿಯ ಅಪ್‌ಡೇಟ್, ಯಾವ ಕಷ್ಟಮಟ್ಟ, ಆಟವನ್ನು ಎಲ್ಲಿಯವರೆಗೆ ಆಡಿದೆ, ಆ ಪ್ರಕಾರದಲ್ಲಿ ನನಗಿರುವ ಪಳಗಿಕೆ ಎಷ್ಟು ಎಂಬ ವಿವರಗಳನ್ನು ತಪ್ಪದೆ ಬರೆಯುತ್ತೇನೆ.