ಬಾಟಿಕ್ ಎತ್ತಿಗೆ ಹಿಣಿಲು ಬೇಕು

ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಬಾಟಿಕ್ ತೋರಿಸಿ ಎಂದರೆ ಅಂಗಡಿಯವರು ಮೊದಲು ತೆಗೆಯುವುದು ನೈಟಿ. ನನ್ನ ಗೊಂಬೆ ಕೆಲಸ ಶುರುವಾಗಿದ್ದೂ ಆ ನೈಟಿ ಬಟ್ಟೆಯಿಂದಲೇ. ನಮ್ಮ ಓಣಿಯ ಟೇಲರ್ ಹತ್ತಿರ ಕತ್ತರಿಸಿ ಉಳಿದ ತುಂಡುಗಳು ಚೀಲಗಟ್ಟಲೆ ಬಿದ್ದಿರುತ್ತಿದ್ದವು. ತೋಳಿನ ಸುತ್ತ ಉಳಿಯುವ ಅರ್ಧಚಂದ್ರ, ಕೊರಳಿನ ದುಂಡು ತುಂಡು, ಅಂಚಿನ ಉದ್ದ ಪಟ್ಟಿ. ಮೊದಮೊದಲು ಕೇಳಿದರೆ ಸುಮ್ನೆ ಕೊಡುತ್ತಿದ್ದರು. ನಾನು ಅದರಲ್ಲಿ ಏನೇನೋ ಹೊಲಿಯುತ್ತೇನೆ ಎಂದು ಗೊತ್ತಾದ ಮೇಲೆ ಕಿಲೋ ಲೆಕ್ಕದಲ್ಲಿ ದುಡ್ಡು ತಗೊಳ್ಳುತ್ತಾರೆ. ಇರಲಿ, ಅದೂ ನ್ಯಾಯವೇ.

ಆ ಚೀಲದಲ್ಲಿ ಇರುವುದೆಲ್ಲ ಬಾಟಿಕ್ ಅಲ್ಲ. ಅರ್ಧಕ್ಕಿಂತ ಜಾಸ್ತಿ ಬಾಟಿಕ್ ವೇಷದ ಪ್ರಿಂಟ್. ಗುರುತು ಹಿಡಿಯುವುದು ಕಷ್ಟವಲ್ಲ. ಬಟ್ಟೆ ತಿರುವಿ ನೋಡಿ. ಅಸಲಿ ಬಾಟಿಕ್ ಅನ್ನು ಅಲ್ಲಲ್ಲಿ ಮೇಣ ಹಾಕಿ, ಬಣ್ಣದ ನೀರಿನಲ್ಲಿ ಪೂರ್ತಿ ಅದ್ದಿರುತ್ತಾರೆ. ಹಾಗಾಗಿ ಎರಡೂ ಬದಿ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಪ್ರಿಂಟ್ ಆದರೆ ಹಿಂಬದಿ ಬಿಳಿಚಿಕೊಂಡಿರುತ್ತದೆ. ಇನ್ನೊಂದು ಗುರುತು ಬಿರುಕಿನ ಗೆರೆ. ಮೇಣ ಒಡೆದ ಕಡೆ ಬಣ್ಣ ಒಳಗೆ ನುಗ್ಗಿ ಸಣ್ಣ ಸಣ್ಣ ಗೆರೆ ಮೂಡಿರುತ್ತದೆ. ಅಸಲಿಯಲ್ಲಿ ಒಂದು ಬಿರುಕು ಇನ್ನೊಂದರ ಹಾಗೆ ಇರುವುದಿಲ್ಲ. ಪ್ರಿಂಟಿನಲ್ಲಿ ಅದೇ ಬಿರುಕು ಎರಡು ಮೂರು ಗೇಣಿಗೊಮ್ಮೆ ಮತ್ತೆ ಬರುತ್ತದೆ. ಬಿರುಕನ್ನೂ ಅಚ್ಚು ಹಾಕಿರುತ್ತಾರೆ!

ಕೆಲಸದ ಕ್ರಮ ಗೊತ್ತಿದ್ದರೆ ಬಟ್ಟೆಯ ಸ್ವಭಾವ ಅರ್ಥವಾಗುತ್ತದೆ. ಬಣ್ಣ ತಾಗಬಾರದ ಕಡೆ ಕರಗಿಸಿದ ಮೇಣ ಹಾಕಬೇಕು, ಬಣ್ಣದಲ್ಲಿ ಅದ್ದಬೇಕು, ಆಮೇಲೆ ಬಿಸಿನೀರಿನಲ್ಲಿ ಮೇಣ ಬಿಡಿಸಬೇಕು. ಜಾವಾದಲ್ಲಿ ಚಾಂಟಿಂಗ್ ಎಂಬ ಪುಟ್ಟ ಕೊಳವೆಯಿಂದ ಮೇಣದ ಗೆರೆ ಎಳೆಯುತ್ತಾರೆ. ಚಾಪ್ ಎಂಬ ತಾಮ್ರದ ಅಚ್ಚಿನಿಂದ ಒತ್ತುವುದೂ ಇದೆ. ಇಂಡೋನೇಷ್ಯಾದ ಬಾಟಿಕ್ 2009ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ನಮ್ಮ ದೇಶದಲ್ಲಿ ಇದಕ್ಕೆ ಹೆಸರಾದ ಜಾಗಗಳು ಶಾಂತಿನಿಕೇತನ, ಉಜ್ಜಯಿನಿ ಹತ್ತಿರದ ಭೈರೂಗಢ, ಕಚ್ಛದ ಮುಂದ್ರಾ. ರವೀಂದ್ರನಾಥ ಟ್ಯಾಗೋರರು 1927ರಲ್ಲಿ ಜಾವಾಕ್ಕೆ ಹೋಗಿ ಬಂದ ಮೇಲೆ ಶಾಂತಿನಿಕೇತನದಲ್ಲಿ ಬಾಟಿಕ್ ಬೇರೂರಿತು. ನನಗೆ ದೊಡ್ಡ ತುಂಡು ಬೇಕಾದಾಗ ಕರಕುಶಲ ಮೇಳಗಳಲ್ಲಿ ಉಜ್ಜಯಿನಿ, ಕಚ್ಛ ಕಡೆಯವರ ಮಳಿಗೆ ಹುಡುಕುತ್ತೇನೆ. ಮೇಣದಲ್ಲಿ ಪ್ಯಾರಾಫಿನ್ ಜಾಸ್ತಿ ಇದ್ದರೆ ಬಿರುಕು ಜಾಸ್ತಿ, ಜೇನುಮೇಣ ಜಾಸ್ತಿ ಇದ್ದರೆ ಕಡಿಮೆ. ಸೀರೆ ಉಡುವವರಿಗೆ ಬಿರುಕು ಕಡಿಮೆ ಇದ್ದರೆ ಇಷ್ಟವೇನೋ. ನಾನು ಬಿರುಕು ತುಂಬಿದ್ದನ್ನೇ ಆರಿಸುತ್ತೇನೆ. ಬೂದು ಬಣ್ಣದ ಅಂಥ ಬಟ್ಟೆ ಸಿಕ್ಕರೆ ಆನೆಯ ಚರ್ಮ ತಯಾರಾಗಿಯೇ ಬಂದ ಲೆಕ್ಕ.

ತಂದ ಕೂಡಲೇ ಕತ್ತರಿ ಹಿಡಿಯಬೇಡಿ. ಒಂದು ಹನಿ ನೀರು ಹಾಕಿ ನೋಡಿ. ಹನಿ ಇಂಗದೆ ಮೇಲೇ ನಿಂತರೆ ಒಳಗೆ ಇನ್ನೂ ಮೇಣ ಇದೆ. ಹಳೆಯ ಪೇಪರ್ ನಡುವೆ ಇಟ್ಟು ಬಿಸಿ ಇಸ್ತ್ರಿ ಒತ್ತಿದರೆ ಪೇಪರ್ ಮೇಣ ಹೀರುತ್ತದೆ. ಇವತ್ತಿನ ಪೇಪರ್ ಬೇಡ, ಮಸಿ ಹತ್ತುತ್ತದೆ. ಆಮೇಲೆ ತೊಳೆಯುವುದು. ಕಡುಗೆಂಪು, ಕಡುನೀಲಿ ಬಣ್ಣಗಳನ್ನು ನಾನು ನಂಬುವುದೇ ಇಲ್ಲ. ಜೊತೆಗೆ ಒಂದು ಬಿಳಿ ಚಿಂದಿ ಹಾಕಿ ನೆನೆಸುತ್ತೇನೆ. ಚಿಂದಿಗೆ ಬಣ್ಣ ಹತ್ತಿದರೆ ಮತ್ತೆ ತೊಳೆಯುವುದು, ಚಿಂದಿ ಬಿಳಿಯಾಗಿ ಉಳಿಯುವ ತನಕ. ಉಪ್ಪು, ವಿನೆಗರ್ ಹಾಕಿದರೆ ಬಣ್ಣ ನಿಲ್ಲುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಸರಿಯಾಗಿ ಹಿಡಿಯದ ಬಣ್ಣವನ್ನು ಉಪ್ಪು ಹಿಡಿದು ನಿಲ್ಲಿಸುವುದಿಲ್ಲ. ನೀರು ಮಾತ್ರ ತುಂಬಾ ಬೇಕು, ಹಾಗಾಗಿ ನಲ್ಲಿ ನೀರು ಬರುವ ದಿನ ನೋಡಿಯೇ ಈ ಕೆಲಸ. ಹುಬ್ಬಳ್ಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಗೊಂಬೆಗೆ ಬಾಟಿಕ್‌ಗಿಂತ ಒಳ್ಳೆಯ ಬಟ್ಟೆ ನನಗೆ ಸಿಕ್ಕಿಲ್ಲ. ನೇಯ್ಗೆ ಬಿಗಿ ಇರುವುದರಿಂದ ಅಂಚು ಬೇಗ ಎಳೆ ಬಿಡುವುದಿಲ್ಲ. ತುಂಬಿದ ಅರಳೆ ಹೊರಗೆ ಇಣುಕುವುದಿಲ್ಲ. ಎರಡೂ ಬದಿ ಒಂದೇ ಆಗಿರುವುದು ಇನ್ನೂ ದೊಡ್ಡ ಲಾಭ. ಪ್ರಾಣಿಯ ಎಡಮೈ, ಬಲಮೈ ಒಂದಕ್ಕೊಂದು ಎದುರುಬದುರು ಇರಬೇಕು. ಪ್ರಿಂಟ್ ಬಟ್ಟೆಯಲ್ಲಿ ಪ್ಯಾಟರ್ನ್ ತಿರುಗಿಸಿ ಕತ್ತರಿಸದಿದ್ದರೆ ಎರಡೂ ಎಡಮೈ ಆಗಿಬಿಡುತ್ತವೆ. ಬಾಟಿಕ್‌ನಲ್ಲಿ ಆ ತಲೆನೋವಿಲ್ಲ, ತುಂಡನ್ನೇ ತಿರುವಿ ಹಾಕಿದರಾಯಿತು. ಚಿಕ್ಕಪುಟ್ಟ ಚೂರಿನಲ್ಲಿ ಕೆಲಸ ಮಾಡುವವರಿಗೆ ಇದರ ಬೆಲೆ ಗೊತ್ತು.

ನಾನು ಅತಿ ಜಾಸ್ತಿ ಹೊಲಿಯುವುದು ಎತ್ತು. ಕಾರ ಹುಣ್ಣಿಮೆ ಮುಗಿದು ಮಣ್ಣೆತ್ತಿನ ಅಮಾವಾಸ್ಯೆ ಬಂತೆಂದರೆ ನಮ್ಮ ಕಡೆ ಮನೆಮನೆಗೆ ಮಣ್ಣಿನ ಎತ್ತಿನ ಜೋಡಿ ಬರುತ್ತದೆ. ಪೂಜೆಗೆ ಮಣ್ಣಿನದೇ ಸರಿ. ಆದರೆ ಮಕ್ಕಳು ಪೂಜೆ ಮುಗಿಯುವ ತನಕ ಕಾಯುವುದಿಲ್ಲ, ಒಂದು ಎತ್ತಿನ ಕೋಡು ಸಂಜೆಗೇ ಮುರಿದಿರುತ್ತದೆ. ಅವರ ಆಟಕ್ಕೆಂದೇ ಬಟ್ಟೆಯ ಜೋಡಿ ಹೊಲಿಯತೊಡಗಿದೆ.

ತೊಡಕು ಬಂದಿದ್ದು ಪ್ಯಾಟರ್ನ್‌ನಲ್ಲಿ. ಯೂಟ್ಯೂಬಿನಲ್ಲಿ ಸಿಗುವ ಪ್ಯಾಟರ್ನ್ ಎಲ್ಲ ವಿದೇಶಿ ಹಸುಗಳದ್ದು. ಬೆನ್ನು ಮೇಜಿನಷ್ಟು ಸಪಾಟು. ಬೆನ್ನ ಮೇಲೆ ಉಬ್ಬುವ ಹಿಣಿಲು ಇಲ್ಲ, ಕೊರಳ ಕೆಳಗೆ ಜೋಲುವ ಗಂಗೆದೊಗಲು ಇಲ್ಲ. ನಮ್ಮ ಕಡೆಯ ಹುಡುಗರಿಗೆ ಅದನ್ನು ಕೊಟ್ಟರೆ ಎತ್ತು ಎಂದು ಒಪ್ಪುವುದೇ ಇಲ್ಲ. ಹಾಗಾಗಿ ಮಣ್ಣೆತ್ತನ್ನೇ ಎದುರಿಗೆ ಇಟ್ಟುಕೊಂಡು, ರಟ್ಟಿನ ಮೇಲೆ ಅದರ ಪಕ್ಕದ ನೆರಳು ಬಿಡಿಸಿ ನನ್ನದೇ ಪ್ಯಾಟರ್ನ್ ಮಾಡಿಕೊಂಡೆ. ಮೈಗೆ ಎರಡು ಪಕ್ಕದ ತುಂಡು. ಹೊಟ್ಟೆಗೆ ಕಾಲುಗಳೂ ಸೇರಿದ ಎರಡು ಒಳತುಂಡು. ಹಣೆಯಿಂದ ಮೂಗಿನ ತನಕ ಒಂದು ಪಟ್ಟಿ. ಒಳತುಂಡು ಇಲ್ಲದೆ ಬರೀ ಎರಡು ಪಕ್ಕ ಸೇರಿಸಿದರೆ ಎತ್ತು ನಿಲ್ಲುವುದಿಲ್ಲ, ಮಲಗಿಬಿಡುತ್ತದೆ.

ಹಿಣಿಲಿಗೆ ಒಂದು ಉಪಾಯ ಇದೆ. ಪಕ್ಕದ ತುಂಡಿನಲ್ಲೇ ಉಬ್ಬು ಬಿಡಿಸಿ ಹೊಲಿದರೆ ಅದು ತುಂಬಿಕೊಳ್ಳುವುದಿಲ್ಲ, ಮೀನಿನ ರೆಕ್ಕೆಯಂತೆ ತೆಳ್ಳಗೆ ನಿಲ್ಲುತ್ತದೆ. ಎರಡು ಪಕ್ಕದ ನಡುವೆ ಎಲೆ ಆಕಾರದ ಒಂದು ತುಂಡು ಸೇರಿಸಬೇಕು. 10 ಇಂಚು ಉದ್ದದ ಎತ್ತಿಗೆ 3 ಇಂಚು ಉದ್ದ, ನಡುವೆ ಒಂದೂವರೆ ಇಂಚು ಅಗಲದ ಎಲೆ ಸಾಕು. ಎರಡೂ ತುದಿ ಚೂಪಾಗಿರಲಿ. ಆಗ ಹಿಣಿಲು ಗುಂಡಗೆ ಏಳುತ್ತದೆ. ಈ ಎಲೆಗೆ ಮೈಗಿಂತ ಸ್ವಲ್ಪ ಗಾಢ ಬಣ್ಣ ಹಾಕಿದರೆ ಚೆಂದ. ಗಂಗೆದೊಗಲಿಗೆ ಉಲ್ಟಾ ಲೆಕ್ಕ. ಅಲ್ಲಿ ಏನೂ ತುಂಬಬಾರದು. ಕೊರಳ ಕೆಳಗೆ ಬಟ್ಟೆ ಜಾಸ್ತಿ ಬಿಟ್ಟು ಹೊಲಿದು, ಮೈಗೂ ದೊಗಲಿಗೂ ನಡುವೆ ಮೇಲಿಂದಲೇ ಒಂದು ಹೊಲಿಗೆ ಹಾಕಿದರೆ ಅದು ಖಾಲಿಯಾಗಿ ಜೋತಾಡುತ್ತದೆ. ನಡೆಸಿದಾಗ ಅಲ್ಲಾಡುತ್ತದೆ. ಇಷ್ಟು ಮಾಡಿದರೆ ಸಾಕು, ನೋಡಿದವರು ಕಿಲಾರಿ ಎತ್ತಾ ಎಂದು ಕೇಳುತ್ತಾರೆ.

ಮಶೀನಿಗೆ 11 ನಂಬರಿನ ಚೂಪು ಸೂಜಿ ಹಾಕಿ. ಮನೆಯಲ್ಲಿ ಸಾಮಾನ್ಯವಾಗಿ ಇರುವ 16ರ ಸೂಜಿ ಬಾಟಿಕ್‌ನಲ್ಲಿ ದೊಡ್ಡ ತೂತು ಮಾಡುತ್ತದೆ. ಬಿಗಿ ನೇಯ್ಗೆಯಾದ್ದರಿಂದ ಆ ತೂತು ಮತ್ತೆ ಮುಚ್ಚುವುದಿಲ್ಲ, ಹೊಲಿಗೆ ಬಿಚ್ಚಿದರೆ ಸಾಲಾಗಿ ಕಾಣುತ್ತದೆ. ಗುಂಡುಪಿನ್ನನ್ನೂ ಹೊಲಿಗೆಯ ಹೊರಗಿನ ಅಂಚಿನಲ್ಲೇ ಚುಚ್ಚುತ್ತೇನೆ. ಹೊಲಿಗೆಯ ಉದ್ದ 2 ಮಿಲಿಮೀಟರ್, ಹೊಲಿಗೆಯಾಚೆ ಬಿಡುವ ಅಂಚು ಕಾಲು ಇಂಚು. ಒಳಗೆ ಬಾಗಿದ ಕಡೆ, ಅಂದರೆ ಕಾಲು ಮತ್ತು ಹೊಟ್ಟೆ ಕೂಡುವಲ್ಲಿ, ಹೊಲಿಗೆಯ ಹತ್ತಿರದ ತನಕ ಕತ್ತರಿ ಗೀರು ಹಾಕಲೇಬೇಕು. ಇಲ್ಲವಾದರೆ ತಿರುವಿದ ಮೇಲೆ ಮಡಿಕೆ ಬಿದ್ದು ಎಳೆಯುತ್ತದೆ. ಕೋಡು ತಿರುವುವುದು ತಾಳ್ಮೆಯ ಕೆಲಸ. ಅಲ್ಲಿ ಅಂಚನ್ನು ಅರ್ಧಕ್ಕೆ ಇಳಿಸುತ್ತೇನೆ, ಬಾಟಿಕ್ ಅದನ್ನು ತಡೆಯುತ್ತದೆ. ಬೆನ್ನ ಮೇಲೆ ಹೊದಿಸುವ ಝೂಲಕ್ಕೆ ಗುಳೇದಗುಡ್ಡ ಖಣದ, ಅಂದರೆ ಕುಪ್ಪಸದ ಬಟ್ಟೆಯ ಚೂರು. ಖಣದ ಅಂಚು ಎಳೆ ಬಿಡುತ್ತದೆ, ಮಡಿಚಿ ಹೊಲಿಯಬೇಕು.

ತುಂಬುವುದಕ್ಕೆ ಏನು ಎಂದು ತುಂಬಾ ಜನ ಕೇಳುತ್ತಾರೆ. ನಮ್ಮದು ಹತ್ತಿಯ ಸೀಮೆ. ಡಿಸಿಎಚ್-32 ಎಂಬ ಹೈಬ್ರಿಡ್ ಹತ್ತಿ ಹುಟ್ಟಿದ್ದೇ ಧಾರವಾಡದಲ್ಲಿ. ಗಾದಿ ಮಾಡುವವರ ಹತ್ತಿರ ಹಿಂಜಿದ ಅರಳೆ ಸಲೀಸಾಗಿ ಸಿಗುತ್ತದೆ. ಅದರ ತೂಕ ಎತ್ತಿಗೆ ಒಪ್ಪುತ್ತದೆ, ಭದ್ರವಾಗಿ ನಿಲ್ಲಿಸುತ್ತದೆ. ಆದರೆ ತೊಳೆದರೆ ಗಂಟು ಕಟ್ಟುತ್ತದೆ, ಒಣಗಲು ದಿನಗಟ್ಟಲೆ ಬೇಕು. ಆದ್ದರಿಂದ ಎಳೆ ಮಕ್ಕಳು ಬಾಯಿಗೆ ಹಾಕುವ ಗೊಂಬೆಗೆ ಪಾಲಿಯೆಸ್ಟರ್ ಫೈಬರ್, ಕಪಾಟಿನಲ್ಲಿ ಇಡುವ ಎತ್ತಿಗೆ ಅರಳೆ. ಎರಡರಲ್ಲೂ ಚಿಕ್ಕ ಚಿಕ್ಕ ಉಂಡೆ ಮಾಡಿ ಮೊದಲು ಮೂಗು, ಕಾಲಿನ ತುದಿ ತುಂಬಬೇಕು, ಹೊಟ್ಟೆ ಕೊನೆಗೆ. ಕಾಲು ಇನ್ನು ಹಿಡಿಯುವುದಿಲ್ಲ ಅನ್ನಿಸಿದ ಮೇಲೂ ಇನ್ನೊಂದಿಷ್ಟು ತುರುಕಿ. ಕಣ್ಣಿಗೆ ಗುಂಡಿ ಹಚ್ಚುವುದಿಲ್ಲ. ಮೂರು ವರ್ಷದೊಳಗಿನ ಮಕ್ಕಳು ಕಿತ್ತು ನುಂಗಬಹುದು. ದಾರದಲ್ಲೇ ಕಣ್ಣು ತುಂಬುತ್ತೇನೆ. ಮಾರುವ ಯೋಚನೆ ಇದ್ದರೆ ಇನ್ನೊಂದು ವಿಷಯ ತಿಳಿದಿರಲಿ. 2021ರ ಜನವರಿಯಿಂದ ಆಟಿಕೆಗಳಿಗೆ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಗುರುತು ಕಡ್ಡಾಯ. ಕೇಂದ್ರದ ಕರಕುಶಲ ಅಭಿವೃದ್ಧಿ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿದ ಕುಶಲಕರ್ಮಿಗಳಿಗೆ ಅದರಿಂದ ವಿನಾಯಿತಿ ಇದೆ.

ಇನ್ನು ಕೌದಿ, ಅಂದರೆ ಬಟ್ಟೆಯ ಪದರ ಸೇರಿಸಿ ಕೈಯಲ್ಲಿ ಹೊಲಿಯುವ ಹೊದಿಕೆ. ಇಲ್ಲಿ ಬಾಟಿಕ್ ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಗೊಂಬೆಗೆ ಒಳ್ಳೆಯದಾದ ಬಿಗಿ ನೇಯ್ಗೆಯೇ ಕೈಹೊಲಿಗೆಗೆ ವೈರಿ. ನಮ್ಮ ಅತ್ತೆ ಗದಗ ಕಡೆಯವರು, ಹಳೇ ಸೀರೆಯಲ್ಲಿ ಕೌದಿ ಹೊಲಿದು ಪಳಗಿದ ಕೈ. ನನ್ನ ಬಾಟಿಕ್ ಗಂಟು ನೋಡಿ, "ಇಷ್ಟ ಬಿಗಿ ಅರಿವಿ ತಂದ್ರ ಸೂಜಿ ಹೆಂಗ ಹೋಗಬೇಕವಾ?" ಎಂದರು. ಮಾತು ನಿಜವೇ. ಹಳೆಯ ಸೀರೆ ನೂರಾರು ಸಲ ಒಗೆದು ಮೆತ್ತಗಾಗಿರುತ್ತದೆ, ನಾಲ್ಕೈದು ಪದರ ಇದ್ದರೂ ಸೂಜಿ ಸರಾಗ ಹೋಗುತ್ತದೆ. ಹೊಸ ಬಾಟಿಕ್ ಎರಡು ಪದರಕ್ಕೇ ಬೆರಳು ನೋಯಿಸುತ್ತದೆ.

ಇಬ್ಬರೂ ಸೇರಿ ಒಂದು ದಾರಿ ಮಾಡಿಕೊಂಡೆವು. ಬಾಟಿಕ್ ಮೇಲಿನ ಪದರಕ್ಕೆ ಮಾತ್ರ, ಅದೂ ತೇಪೆಯಾಗಿ. ನಡುವೆ ಅತ್ತೆಯ ಹಳೆಯ ಕಾಟನ್ ಸೀರೆಗಳು. ಕೆಳಗೆ ಖಾದಿ. ರಾಷ್ಟ್ರಧ್ವಜ ತಯಾರಿಸುವ ಬೆಂಗೇರಿ ನಮ್ಮ ಊರಲ್ಲೇ ಇರುವಾಗ ಖಾದಿಗೆ ಬೇರೆಲ್ಲಿಗೆ ಹೋಗಬೇಕು? ತೇಪೆಯ ಮೇಲೆ ತೇಪೆ ಹತ್ತದಂತೆ ಅಂಚಿಗೆ ಅಂಚು ಕೂಡಿಸುತ್ತೇವೆ. ಮಡಿಚಿದ ಅಂಚಿನ ಮೇಲೆ ದಪ್ಪ ದಾರ ಹಾಯಿಸದೆ ಪಕ್ಕದಲ್ಲೇ ಸಾಲು ಹಿಡಿಯುತ್ತೇವೆ. ದಾರವನ್ನು ಮೊದಲು ಜೇನುಮೇಣದ ತುಂಡಿನ ಮೇಲೆ ಎಳೆದುಕೊಂಡರೆ ಸಿಕ್ಕಾಗುವುದಿಲ್ಲ, ಬಟ್ಟೆಯಲ್ಲಿ ಜಾರುತ್ತದೆ.

ಎಲ್ಲಿಂದ ಹೊಲಿಯಬೇಕು ಎಂಬುದರಲ್ಲಿ ನಮ್ಮಿಬ್ಬರಿಗೆ ವಾದವಾಯಿತು. ಕ್ವಿಲ್ಟ್ ವಿಡಿಯೋಗಳಲ್ಲಿ ನಡುವಿನಿಂದ ಶುರು ಮಾಡಿ ಅಂಚಿಗೆ ಬನ್ನಿ, ಸುಕ್ಕು ಹೊರಗೆ ಹೋಗುತ್ತದೆ ಎನ್ನುತ್ತಾರೆ. ಅತ್ತೆ ಅಂಚಿನಿಂದ ಹಿಡಿದು ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಹಳಿಯಾಳ, ಯಲ್ಲಾಪುರ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕೌದಿಯಲ್ಲೂ ಹೊಲಿಗೆ ಹೀಗೇ ಸುತ್ತುತ್ತದೆ. ಮೂಲೆಗೆ ಅವರು ಬಣ್ಣದ ಚೂರು ಮಡಿಚಿ ಇಡುವ ಫುಲ ನೋಡಿದರೆ ಕಣ್ಣು ಅಲ್ಲೇ ನಿಲ್ಲುತ್ತದೆ. ನಾನು ಅತ್ತೆಯ ಪಕ್ಷಕ್ಕೇ ಬಂದೆ. ಮೊದಲು ಉದ್ದ ಕಚ್ಚಾ ಹೊಲಿಗೆ ಹಾಕಿ ಪದರಗಳನ್ನು ಹಿಡಿದಿಟ್ಟರೆ ಸುಕ್ಕು ಅಷ್ಟಾಗಿ ಬರುವುದಿಲ್ಲ. ಬಂದ ಸಣ್ಣ ಸುಕ್ಕಿನಿಂದಲೇ ಕೌದಿಗೆ ಆ ಅಲೆ ಅಲೆ ಮೈ ಬರುವುದು. ಸಪಾಟು ಬೇಕೆನ್ನುವವರು ಅಂಗಡಿಯ ರಜಾಯಿ ಕೊಳ್ಳಲಿ.

ಬಣ್ಣದ ವಿಷಯದಲ್ಲಿ ನನ್ನದು ಗಟ್ಟಿ ಅಭಿಪ್ರಾಯ. ಪೂರ್ತಿ ಬಾಟಿಕ್ ಕೌದಿ ಚೆನ್ನಾಗಿ ಕಾಣುವುದಿಲ್ಲ. ಪ್ರತಿ ತುಂಡೂ ತನ್ನನ್ನೇ ನೋಡು ಎನ್ನುತ್ತದೆ, ಕೊನೆಗೆ ಯಾವುದೂ ಕಾಣುವುದಿಲ್ಲ. ಮೂರರಲ್ಲಿ ಒಂದು ಪಾಲು ಬಾಟಿಕ್, ಉಳಿದದ್ದು ಸಾದಾ ಬಟ್ಟೆ ಇರಲಿ. ಹೊಲಿಯುವ ಮೊದಲು ತುಂಡುಗಳನ್ನು ನೆಲದ ಮೇಲೆ ಹರಡಿ, ಮೊಬೈಲಿನಲ್ಲಿ ಕಪ್ಪು ಬಿಳುಪು ಫೋಟೋ ತೆಗೆಯಿರಿ. ಬಣ್ಣ ಬೇರೆ ಬೇರೆ ಅನ್ನಿಸಿದ ಕೆಂಪು, ಹಸಿರು, ನೀಲಿ ಮೂರೂ ಫೋಟೋದಲ್ಲಿ ಒಂದೇ ಬೂದು ಆಗಿರುವುದು ಗೊತ್ತಾಗುತ್ತದೆ. ಆಗ ಒಂದೆರಡು ತೆಗೆದು ತಿಳಿ ಹಳದಿಯೋ ಕೆನೆಬಣ್ಣವೋ ಹಾಕಿದರೆ ಉಳಿದವು ಎದ್ದು ಕಾಣುತ್ತವೆ. ಒಗೆದ ಕೌದಿಯನ್ನು ನೆರಳಿನಲ್ಲಿ ಒಣಗಿಸಿ. ನಮ್ಮ ಬಯಲುಸೀಮೆಯ ಬಿಸಿಲು ಬಾಟಿಕ್ ಬಣ್ಣವನ್ನು ಬೇಗ ತಿನ್ನುತ್ತದೆ.

ಈಗ ಮಶೀನಿನ ಮೇಲೆ ಇರುವುದು ಕೃಷ್ಣಮೃಗ. ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನಲ್ಲಿ ಅವುಗಳ ಅಭಯಾರಣ್ಯ ಇದೆ. ಗಂಡಿನ ಮೈ ಮೇಲೆ ಕಪ್ಪು, ಹೊಟ್ಟೆ ಬಿಳಿ. ಕಂದು ಬಿರುಕಿನ ಕಪ್ಪು ಬಾಟಿಕ್ ಅದಕ್ಕೆಂದೇ ಮಾಡಿದ ಹಾಗಿದೆ. ಕೊಂಬಿನ ಸುರುಳಿ ಮಾತ್ರ ಇನ್ನೂ ಬಗೆಹರಿದಿಲ್ಲ. ತಂತಿ ಹಾಕಿದರೆ ಸುಲಭ, ಆದರೆ ಮಕ್ಕಳ ಗೊಂಬೆಗೆ ತಂತಿ ಹಾಕುವ ಹಾಗಿಲ್ಲ. ಸದ್ಯಕ್ಕೆ ತೆಳು ಕೊಳವೆ ಹೊಲಿದು ಬಿಗಿಯಾಗಿ ತುಂಬಿ, ದಪ್ಪ ದಾರವನ್ನು ಓರೆಯಾಗಿ ಸುತ್ತಿ ಬಿಗಿಯುತ್ತಿದ್ದೇನೆ. ಸುರುಳಿ ಮೂಡುತ್ತದೆ, ತುದಿ ಮಾತ್ರ ಬಾಗುತ್ತದೆ. ಇದಕ್ಕಿಂತ ಒಳ್ಳೆಯ ದಾರಿ ಯಾರಿಗಾದರೂ ಗೊತ್ತಿದ್ದರೆ ಹೇಳಿ.