ಕೆಟ್ಟ ಕರೆ ಮುಗಿದ ಮೇಲೆ: ನಮ್ಮ ಅಗ್ನಿಶಾಮಕ ಠಾಣೆಯಲ್ಲಿ ನೆಲೆನಿಂತ ಪದ್ಧತಿ

"ಧೈರ್ಯ ಇಲ್ಲದಾಂವ ಈ ನೌಕರಿಗೆ ಯಾಕ ಬರಬೇಕ್ರಿ?" ಎಂದು, ಕೆಟ್ಟ ಕರೆಯಿಂದ ಬಂದ ಸಿಬ್ಬಂದಿಯ ಮನಸ್ಸು ನೋಡಿಕೊಳ್ಳುವ ಈ ಪದ್ಧತಿಯ ಶುರುವಿನಲ್ಲಿ ಕೇಳಿದವರು ಬಹಳ ಮಂದಿ. ಈಗ ಬಾಗಲಕೋಟೆ ಜಿಲ್ಲೆಯ ಬೇರೆ ಠಾಣೆಗಳವರೇ ನಮ್ಮ ನೋಟ್‌ಬುಕ್ಕಿನ ಪುಟಗಳ ಫೋಟೋ ಕೇಳುತ್ತಿದ್ದಾರೆ. ಬಿಡಿಬಿಡಿಯಾಗಿ ಹೇಳುವ ಬದಲು ಒಂದೇ ಕಡೆ ಬರೆದಿಡುತ್ತೇನೆ. ಟರ್ನ್‌ಔಟ್ (ಕರೆಗೆ ಹೊರಡುವುದು), ಕಟ್ಟರ್, ಹಗ್ಗದ ಕೆಲಸ ನಿಮಗೆ ಗೊತ್ತಿರುವುದೇ, ಅದನ್ನು ಬಿಡುತ್ತೇನೆ.

ನಮ್ಮ ಕಡೆ ಮನಸ್ಸಿಗೆ ಹತ್ತುವ ಕರೆಗಳಲ್ಲಿ ಬೆಂಕಿಯವು ಕಡಿಮೆ. ಬಾವಿಗೆ ಬಿದ್ದ ತಾಯಿ-ಮಗು, ಆಲಮಟ್ಟಿ ಹಿನ್ನೀರಿನಲ್ಲಿ ಮೂರು ದಿನ ನೆನೆದ ಶವ, 50ನೇ ಹೆದ್ದಾರಿಯಲ್ಲಿ ಕ್ರೂಸರ್ ಜೀಪಿನ ಒಳಗೆ ಸಿಕ್ಕಿಕೊಂಡವರು, ಮತ್ತೆ ಕೊಳವೆಬಾವಿ. 2014ರಲ್ಲಿ ಬಾದಾಮಿ ತಾಲೂಕಿನ ಸೂಳಿಕೇರಿ, 2017ರಲ್ಲಿ ಅಥಣಿ ತಾಲೂಕಿನ ಝುಂಜರವಾಡ: ಎರಡೂ ಕಡೆ ಮಗು ಉಳಿಯಲಿಲ್ಲ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲೂಕಿನ ಲಚ್ಯಾಣದಲ್ಲಿ ಮಗು ಜೀವಂತ ಹೊರಬಂತು, ಎಲ್ಲರೂ ಕೊಂಡಾಡಿದರು. ಮಗು ಉಳಿಯದ ಕಡೆ ಮಣ್ಣು ಅಗೆದವರ ಬೆವರೇನೂ ಕಡಿಮೆ ಇರಲಿಲ್ಲ. ಆದರೂ ಅಂಥ ಕರೆಯಿಂದ ಬಂದವನು "ನಾನು ಇನ್ನೊಂದು ಸ್ವಲ್ಪ ಬೇಗ ಮಾಡಿದ್ದರೆ" ಎಂದು ರಾತ್ರಿಯೆಲ್ಲ ಲೆಕ್ಕ ಹಾಕುತ್ತಾನೆ. ನಮ್ಮ ಪದ್ಧತಿ ಈ ಲೆಕ್ಕವನ್ನು ಹಿಡಿದೇ ನಿಂತಿದೆ.

ಮೊದಲು ಕೆಟ್ಟುಹೋದ ದಾರಿಗಳು. ಘಟನೆಯ ಮರುದಿನ ಹೊರಗಿನ ಸಲಹೆಗಾರರನ್ನು ಕರೆಸಿ, ಎಲ್ಲರನ್ನೂ ಸುತ್ತ ಕೂರಿಸಿ, ಒಬ್ಬೊಬ್ಬರಾಗಿ ಕಂಡದ್ದನ್ನು, ಅನಿಸಿದ್ದನ್ನು ಹೇಳಿಸುವುದು. ಪ್ರಯಾಣದ ಖರ್ಚು, ಊಟ, ಗೌರವಧನ ಸೇರಿ ಒಂದು ಕೂಟಕ್ಕೆ ಐದಾರು ಸಾವಿರ ಹೋಯಿತು, ಫಲ ಉಲ್ಟಾ ಬಂತು. ದಡದ ಮೇಲೆ ಪಂಪ್ ನೋಡಿಕೊಂಡಿದ್ದ ಹುಡುಗ, ತಾನು ಕಾಣದೇ ಇದ್ದದ್ದನ್ನೂ ಕಿವಿಯಲ್ಲಿ ತುಂಬಿಕೊಂಡು ಹೋದ. ಒಂದೇ ಕೂಟದಲ್ಲಿ ಒತ್ತಾಯದಿಂದ ಎಲ್ಲವನ್ನೂ ಹೇಳಿಸುವ ಈ ಪದ್ಧತಿಯಿಂದ ಲಾಭವಿಲ್ಲ, ಕೆಲವರಿಗೆ ಹಾನಿಯೂ ಆದೀತು ಎಂದು ಸಂಶೋಧನೆಗಳನ್ನು ಒಟ್ಟುಗೂಡಿಸಿ ನೋಡಿದವರು ಎಂದೋ ಹೇಳಿದ್ದಾರೆ. ಇನ್ನೊಂದು, ಮನಸ್ಸಿನ ತೊಂದರೆ ಕೇಳುವ, ಹೆಸರು ಬರೆದು ತುಂಬುವ ಫಾರ್ಮ್. ಸೇವಾ ಪುಸ್ತಕಕ್ಕೆ ಹೋಗುತ್ತದೆ, ಬಡ್ತಿಗೆ ಅಡ್ಡ ಬರುತ್ತದೆ ಎಂಬ ಹೆದರಿಕೆಯಿಂದ ಎಲ್ಲರೂ "ಇಲ್ಲ, ಇಲ್ಲ" ಎಂದೇ ತುಂಬಿದರು. ಮೂರನೆಯದು, ಡ್ಯೂಟಿ ಮುಗಿಸಿ ಒಟ್ಟಿಗೆ ಕುಡಿಯುವ ಹಳೆಯ ರೂಢಿ. ಕುಡಿದವನಿಗೆ ನಿದ್ದೆ ಬೇಗ ಹತ್ತುತ್ತದೆ, ಆದರೆ ನಡುರಾತ್ರಿ ಒಡೆಯುತ್ತದೆ. ಕೆಟ್ಟ ಕನಸು ಬರುವುದೂ ಆಗಲೇ.

ಈಗ ನಡೆಯುವ ಕ್ರಮ ಸ್ಥಳದಲ್ಲೇ ಆರಂಭ. ಶವದ ಹತ್ತಿರ ಬೇಕಾದಷ್ಟೇ ಜನ. ಉಳಿದವರು ಬೆನ್ನು ತಿರುಗಿಸಿ ಜನಸಂದಣಿ ತಡೆಯಬೇಕು. ಇಪ್ಪತ್ತು ನಿಮಿಷಕ್ಕೊಮ್ಮೆ ಆಳು ಬದಲು. ಪಾತಾಳಗರಡಿ (ನೀರಿಗೆ ಇಳಿಬಿಡುವ ಕೊಕ್ಕೆ) ಹಾಕಿ ಎಳೆಯುವಾಗಲೇ ಬಾಡಿ ಬ್ಯಾಗಿನ ಜಿಪ್ ಬಿಚ್ಚಿ ಇಟ್ಟಿರಬೇಕು, ಹುಡುಕಾಡುವ ಹೊತ್ತಿನಲ್ಲೇ ಕಣ್ಣು ಅಲ್ಲಿ ನೆಡುತ್ತದೆ. ಮುಖ ಮತ್ತು ಕೈ ನೋಡಬಾರದು, ಹಿಡಿತ ಎಲ್ಲಿದೆ ಅಷ್ಟನ್ನೇ ನೋಡಬೇಕು. ಜೇಬು ಮುಟ್ಟಬಾರದು, ಫೋನ್ ರಿಂಗಾದರೆ ಪರದೆ ನೋಡಬಾರದು. ಅದು ಪೊಲೀಸರ ಕೆಲಸ. "ಅವ್ವ" ಎಂದು ಮಿನುಗುವ ಪರದೆ ಕಂಡವನಿಗೆ ಆ ಶವ ಆಮೇಲೆ ಬರೀ ಶವವಾಗಿ ಉಳಿಯುವುದಿಲ್ಲ. ಶವದ ವಾಸನೆ ಮರೆಸಲು ಮೂಗಿಗೆ ವಿಕ್ಸ್ ಹಚ್ಚುವುದನ್ನು ನಾವು ಪೂರ್ತಿ ನಿಲ್ಲಿಸಿದ್ದೇವೆ: ಮನೆಯಲ್ಲಿ ಕೂಸಿಗೆ ನೆಗಡಿ ಬಂದು ವಿಕ್ಸ್ ಡಬ್ಬಿ ತೆಗೆದರೆ ಬಾವಿಯ ವಾಸನೆಯೇ ಬರುತ್ತದೆ. ಮನೆಯಲ್ಲಿ ಎಂದೂ ಬಳಸದ ಯಾವುದಾದರೂ ವಾಸನೆ ಇರಲಿ. ನಾವು ಬಳಸುವುದು ಯಾವುದೆಂದು ನಮ್ಮಲ್ಲೇ ಇಟ್ಟುಕೊಂಡಿದ್ದೇವೆ.

ಠಾಣೆಗೆ ಬಂದ ಮೇಲೆ ಮೊದಲು ಹೋಸ್, ಹಗ್ಗ, ಗಾಡಿ ತೊಳೆಯುವುದು, ಆಮೇಲೆ ಸ್ನಾನ, ಬಟ್ಟೆ ಬದಲು. ಬಳಸಿದ ಸಮವಸ್ತ್ರ ಮನೆಗೆ ಹೋಗಬಾರದು. ಹೆಂಡತಿಯ ಕೈಗೆ ಆ ಬಟ್ಟೆ ಬಂದರೆ ಕರೆ ಮನೆಯೊಳಗೆ ಬಂದಂತೆ. ಸೋಪಿನ ಪುಡಿ, ದಪ್ಪ ಕೈಗವಸು, ಎರಡು ಬಕೆಟ್ ಠಾಣೆಯಲ್ಲೇ ಇವೆ, ತಿಂಗಳಿಗೆ ಮುನ್ನೂರರ ಆಸುಪಾಸು. ಚಹಾ, ಚುರಮರಿ, ಮಿರ್ಚಿ ತಲೆಗೆ ನಲವತ್ತು ರೂಪಾಯಿ. ಹಣವೆಲ್ಲ ಮೆಸ್ ವಂತಿಗೆಯಿಂದ. ಮೇಲಿನವರಿಗೆ ಬರೆದ ಅರ್ಜಿ ಇನ್ನೂ ಎಲ್ಲೋ ಮಲಗಿದೆ.

ಚಹಾದ ಜೊತೆ ಹತ್ತು-ಹದಿನೈದು ನಿಮಿಷದ ಮಾತು. ಆ ಹೊತ್ತಿನಲ್ಲಿ ಮನಸ್ಸಿನ ಬಗ್ಗೆ ಒಂದು ಪ್ರಶ್ನೆಯೂ ಇಲ್ಲ. ಬೋರ್ಡಿನ ಮೇಲೆ ಸೀಮೆಸುಣ್ಣದಿಂದ ಹೊತ್ತು ಮಾತ್ರ ಬರೆಯುತ್ತೇವೆ: ಘಟನೆ ನಡೆದ ಅಂದಾಜು ಹೊತ್ತು, ಕರೆ ಬಂದದ್ದು, ಗಾಡಿ ಹೊರಟದ್ದು, ಮುಟ್ಟಿದ್ದು. ನೀರಲ್ಲಿ ಮುಳುಗಿ ಉಸಿರು ನಿಂತವನ ಮಿದುಳು ಕೆಲವೇ ನಿಮಿಷದಲ್ಲಿ ಕೆಡಲು ಶುರುವಾಗುತ್ತದೆ. ಮೂವತ್ತು ಕಿಲೋಮೀಟರ್ ದೂರದ ಹಳ್ಳಿಗೆ ಗಾಡಿ ಮುಟ್ಟಲು ಮುಕ್ಕಾಲು ಗಂಟೆ. ಇದನ್ನು ಬಾಯಲ್ಲಿ ಹೇಳಿದರೆ ಸಮಾಧಾನದ ಮಾತಾಗಿ ಕೇಳುತ್ತದೆ, ಬೋರ್ಡಿನ ಮೇಲೆ ತಾನೇ ಕಳೆದು ನೋಡಿದವನು ನಂಬುತ್ತಾನೆ. ನಮ್ಮ ಕಡೆಯಿಂದಲೇ ತಡವಾಗಿದ್ದರೆ ಅದನ್ನೂ ಬರೆಯುತ್ತೇವೆ: ಬ್ಯಾಟರಿ ಇಳಿದಿತ್ತು, ಸ್ಪ್ರೆಡರಿನ (ಜಜ್ಜಿದ ಗಾಡಿಯನ್ನು ಅಗಲಿಸುವ ಉಪಕರಣ) ಕಪ್ಲರ್ ಕಚ್ಚಲಿಲ್ಲ. ಪಕ್ಕದಲ್ಲೇ ದುರಸ್ತಿ ಯಾವಾಗ ಎಂಬ ತಾರೀಖು. ಮುಚ್ಚಿಟ್ಟರೆ ಇಡೀ ಬೋರ್ಡಿನ ಮೇಲೆ ನಂಬಿಕೆ ಹೋಗುತ್ತದೆ.

ಗಾಡಿಯಲ್ಲಿ ಇದ್ದವರ ಪಟ್ಟಿ ಆಗಲೇ ಬರೆದಿಡಿ. ಚಾಲಕ ಮತ್ತು ಪಂಪ್ ನೋಡುವವನು ಸಾಮಾನ್ಯವಾಗಿ ಬಿಟ್ಟುಹೋಗುತ್ತಾರೆ. ಅವರು ಶವ ಕಂಡಿರಲಿಕ್ಕಿಲ್ಲ, ಆದರೆ ದಡದ ಮೇಲೆ ಮನೆಯವರ ಅಳು ಪೂರ್ತಿ ಕೇಳಿದವರು ಅವರೇ. ಗೃಹರಕ್ಷಕರನ್ನೂ ಸೇರಿಸಿ.

ಪಟ್ಟಿಯಲ್ಲಿರುವ ಪ್ರತಿಯೊಬ್ಬನಿಗೆ ಒಬ್ಬ ಜೋಡಿ, ಅಂದರೆ ಅವನನ್ನು ವಿಚಾರಿಸಿಕೊಳ್ಳುವ ಜೊತೆಗಾರ. ಮೂರನೇ ದಿನ, ಹತ್ತನೇ ದಿನದ ಸುಮಾರಿಗೆ, ಮತ್ತೆ ಒಂದು ತಿಂಗಳಿಗೆ ಜೋಡಿ ಮಾತಾಡಿಸಬೇಕು. "ಯಾಕ ತಮ್ಮಾ, ನಿದ್ದಿ ಹತ್ತಾಕತ್ತೈತಿ?" ಇಂಥ ಮಾತು ಸಾಕು. ಮೂರನೇ ದಿನಕ್ಕೆ ನಮ್ಮದೊಂದು ಖಾಸಾ ಪ್ರಶ್ನೆ ಇದೆ, ಅದನ್ನು ಬರೆಯುವುದಿಲ್ಲ; ಎಲ್ಲರಿಗೂ ಗೊತ್ತಾದರೆ ಉತ್ತರವೂ ಬಾಯಿಪಾಠ ಆಗುತ್ತದೆ. ಮೊದಲ ವಾರಗಳಲ್ಲಿ ಬೆಚ್ಚಿಬೀಳುವುದು, ಕನಸು, ಊಟ ಸೇರದಿರುವುದು ಬಹುತೇಕರಲ್ಲಿ ತಾನಾಗಿ ಇಳಿಯುತ್ತವೆ. ತಿಂಗಳಾದರೂ ಇಳಿಯದಿದ್ದರೆ ಐದು ಪ್ರಶ್ನೆಯ ಚೀಟಿ: ಬೇಡವೆಂದರೂ ಅದೇ ಕನಸು ಅಥವಾ ನೆನಪು ಬರುತ್ತದೆಯೇ, ಆ ದಾರಿ-ಜಾಗ ತಪ್ಪಿಸುತ್ತೀಯಾ, ಸದಾ ಎಚ್ಚರ ಅಥವಾ ಬೆಚ್ಚುವಿಕೆ ಇದೆಯೇ, ಮನೆಯವರಿಂದ ಮನಸ್ಸು ದೂರವಾಗಿದೆಯೇ, ತಪ್ಪು ನಿನ್ನದೇ ಎಂಬ ಯೋಚನೆ ಬಿಡುತ್ತಿಲ್ಲವೇ. ತಾನೇ ತುಂಬಿ, ತಾನೇ ಎಣಿಸಿ, ಹರಿದು ಒಲೆಗೆ ಹಾಕುವುದು. ಮೂರು ಅಥವಾ ಹೆಚ್ಚು "ಹೌದು" ಇದ್ದರೆ ಜೋಡಿ ಅವನ ಜೊತೆ ಆಸ್ಪತ್ರೆಗೆ ಹೋಗುತ್ತಾನೆ. ಸಾಯುವ ಮಾತು ಬಂದರೆ ತಿಂಗಳು ಕಾಯುವ ಪ್ರಶ್ನೆಯೇ ಇಲ್ಲ. ನೇರವಾಗಿ ಕೇಳಬೇಕು, ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎನ್ನುವುದು ಸುಳ್ಳು. ಅವನನ್ನು ಒಬ್ಬನೇ ಬಿಡದೆ ಆವತ್ತೇ ಕರೆದೊಯ್ಯಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲು ರಾತ್ರಿ ಇದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಜಿಲ್ಲಾ ಆಸ್ಪತ್ರೆಯ ಮನೋವೈದ್ಯರೋ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸೋ ಎಂಬ ಚರ್ಚೆ ಸದಾ ಇದ್ದದ್ದೇ. ಊರಲ್ಲಿ ಯಾರಾದರೂ ಕಂಡಾರು ಎನ್ನುವವನು ಧಾರವಾಡಕ್ಕೇ ಹೋಗಲಿ. ಇಬ್ಬರ ಬಸ್ಸು, ಊಟ ಸೇರಿ ಸಾವಿರದೊಳಗೆ ಮುಗಿಯುತ್ತದೆ. ನಿದ್ದೆಗೆಂದು ಔಷಧಿ ಅಂಗಡಿಯಿಂದ ಆಲ್‌ಪ್ರಜೋಲಮ್ ಮಾತ್ರೆ ತಾನೇ ತಂದು ನುಂಗುವುದು ಮಾತ್ರ ಬೇಡವೇ ಬೇಡ. ಚಟ ಹತ್ತುತ್ತದೆ, ಮೂಲ ಕಾಯಿಲೆ ಹಾಗೇ ಉಳಿಯುತ್ತದೆ.

ಇದರ ಜೊತೆಗೆ ಇನ್ನೊಂದು ಪ್ರಯೋಗ: ಟೆಟ್ರಿಸ್, ಮೊಬೈಲಿನಲ್ಲಿ ಆಡುವ ಚೌಕ ಜೋಡಿಸುವ ಆಟ. ಅಪಘಾತವಾಗಿ ಆಸ್ಪತ್ರೆಗೆ ಬಂದವರಿಗೆ ಆರು ಗಂಟೆಯೊಳಗೆ, ಘಟನೆಯನ್ನು ಒಮ್ಮೆ ನೆನಪಿಸಿ, ಇಪ್ಪತ್ತು ನಿಮಿಷದಷ್ಟು ಈ ಆಟ ಆಡಿಸಿದಾಗ ಮುಂದಿನ ವಾರ ನುಗ್ಗಿಬರುವ ನೆನಪುಗಳು ಕಡಿಮೆಯಾದವು ಎಂದು ಆಕ್ಸ್‌ಫರ್ಡ್‌ನಲ್ಲಿ ನಡೆದ ಅಧ್ಯಯನ ಹೇಳಿದೆ. ನಮ್ಮಲ್ಲಿ ಚಿಕ್ಕ ವಯಸ್ಸಿನವರು ಹುರುಪಿನಿಂದ ಆಡಿದರು, "ಉಪಯೋಗ ಐತಿ" ಎಂದರು. ಹಿರಿಯರು ಮೊಬೈಲ್ ಕೆಳಗಿಟ್ಟು ಇಸ್ಪೀಟಿಗೆ ಕೂತರು. ಆಟ ಚೌಕಗಳನ್ನು ತಿರುಗಿಸಿ ಜೋಡಿಸುವಂಥದ್ದೇ ಇರಬೇಕು, ಕಣ್ಣಿನ ಕಲ್ಪನೆಗೆ ಕೆಲಸ ಸಿಗಬೇಕು. ಇಸ್ಪೀಟಿನಲ್ಲಿ ಅದು ಇಲ್ಲ. ಖರ್ಚಿಲ್ಲದ್ದು, ಹಾಗಾಗಿ ಮುಂದುವರಿಸಿದ್ದೇವೆ.

ವರ್ಗಾವಣೆ ಅರ್ಜಿ ಬರೆದಿಟ್ಟಿದ್ದ ಇಬ್ಬರು ಅದನ್ನು ವಾಪಸ್ ಪಡೆದು ಇಲ್ಲೇ ಇದ್ದಾರೆ, ಒಬ್ಬ ಈಗ ಜೋಡಿಗಳನ್ನು ಹಾಕುವ ಕೆಲಸ ನೋಡುತ್ತಾನೆ. ಇನ್ನೂ ಕೈಗೆ ಹತ್ತದಿರುವುದು ಕರೆ ತೆಗೆದುಕೊಳ್ಳುವ ವಾಚ್ ರೂಮಿನದು. ಫೋನಿನಲ್ಲಿ ಕೂಗು ಕೇಳಿ ಇಟ್ಟವನಿಗೆ ಮುಂದೇನಾಯಿತು ಎಂಬುದೇ ತಿಳಿಯುವುದಿಲ್ಲ, ಬೋರ್ಡಿನ ಹತ್ತಿರ ಬರಲು ಅವನು ಕುರ್ಚಿ ಬಿಡುವಂತಿಲ್ಲ. ಸದ್ಯಕ್ಕೆ ಬೋರ್ಡನ್ನೇ ವಾಚ್ ರೂಮಿನ ಗೋಡೆಗೆ ಸಾಗಿಸಿದ್ದೇವೆ, ಚಹಾ ಅಲ್ಲೇ ಕುಡಿಯುತ್ತೇವೆ. ಬೇಸಿಗೆಯ ಬಾವಿ ಕರೆಗಳು ಮುಗಿದ ಮೇಲೆ ಇದು ಹೇಗಾಯಿತೆಂದು ಬರೆಯುತ್ತೇನೆ.