ಗಂಡಸರ ‘ಶಕ್ತಿ’ ಡಬ್ಬಿ ಕೊಳ್ಳುವ ಮುಂಚೆ ಹೀಗೆ ನೋಡಿ

ಮೊದಲು ಡಬ್ಬಿಯನ್ನು ತಿರುಗಿಸಿ. ಮುಂದಿರುವ ಕುದುರೆ ಚಿತ್ರ ಬಿಟ್ಟುಬಿಡಿ, ಹಿಂದೆ ಸಣ್ಣ ಅಕ್ಷರದಲ್ಲಿ ಏನಿದೆ ಅಂತ ಓದಿ.

ತುಮಕೂರಿನಲ್ಲಿ ಮೆಡಿಕಲ್ ಸ್ಟೋರಿನ ಕೌಂಟರ್ ಹಿಂದೆ ನಿಂತು ನನಗೆ ಹನ್ನೊಂದು ವರ್ಷ ಆಯಿತು. ಇದನ್ನು ಕೇಳುವವರು ಹೆಚ್ಚುಕಡಿಮೆ ಒಂದೇ ರೀತಿ ಬರುತ್ತಾರೆ. ಅಂಗಡಿ ಖಾಲಿ ಆಗುವವರೆಗೆ ಆ ಕಡೆ ಈ ಕಡೆ ನೋಡುತ್ತಾ ನಿಲ್ಲುತ್ತಾರೆ, ಆಮೇಲೆ ಮೊಬೈಲ್‌ನಲ್ಲಿ ಒಂದು ಫೋಟೋ ತೋರಿಸುತ್ತಾರೆ, ಬಾಯಲ್ಲಿ ಹೆಸರು ಹೇಳುವುದಿಲ್ಲ. ಬೇಗ ಕೊಂಡು ಬೇಗ ಹೋಗಬೇಕು ಅನ್ನುವ ಈ ನಾಚಿಕೆಯೇ ಮಾರುವವರಿಗೆ ದೊಡ್ಡ ಬಂಡವಾಳ. ಹೆದ್ದಾರಿ ಪಕ್ಕದ ಮೂಲಿಕೆ ಟೆಂಟ್ ಆಗಲಿ, ತಿಂಗಳಿಗೊಂದು ದಿನ ಲಾಡ್ಜ್‌ಗೆ ಬಂದು ಕೂರುವ ‘ವೈದ್ಯ’ರಾಗಲಿ, ಫೋನಿನಲ್ಲಿ ಬೆನ್ನು ಹತ್ತುವ ಕೊರಿಯರ್‌ನವರಾಗಲಿ, ನೀವು ತಿರುಗಿ ಪ್ರಶ್ನೆ ಕೇಳಲ್ಲ ಅನ್ನುವ ನಂಬಿಕೆಯ ಮೇಲೇ ವ್ಯಾಪಾರ ಮಾಡುತ್ತಾರೆ.

ಹಾಗಾಗಿ ಪ್ರಶ್ನೆ ಕೇಳಿ. ಆಯುರ್ವೇದದ ಔಷಧಿ ಅಂತ ಮಾರುವುದಾದರೆ ಲೇಬಲ್ ಮೇಲೆ ತಯಾರಿಕಾ ಪರವಾನಗಿ ಸಂಖ್ಯೆ, ಬ್ಯಾಚ್ ನಂಬರ್, ತಯಾರಾದ ತಾರೀಖು, ಅವಧಿ ಮುಗಿಯುವ ತಾರೀಖು, ತಯಾರಕರ ಪೂರ್ತಿ ವಿಳಾಸ ಇರಲೇಬೇಕು. ಒಳಗೆ ಏನೇನು ಎಷ್ಟೆಷ್ಟು ಹಾಕಿದ್ದಾರೆ ಅಂತಲೂ ಇರಬೇಕು. ‘ಅಪರೂಪದ ಹಿಮಾಲಯದ ಮೂಲಿಕೆಗಳು’ ಅಂತಷ್ಟೇ ಬರೆದಿದ್ದರೆ ಅದು ಪದಾರ್ಥಗಳ ಪಟ್ಟಿ ಅಲ್ಲ. ಕೆಲವು ಡಬ್ಬಿಗಳ ಮೇಲೆ ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರ್ ಇರುತ್ತದೆ. ಅದು ಆಹಾರದ ಲೈಸೆನ್ಸ್, ಔಷಧಿಯದ್ದಲ್ಲ. ಆ ನಂಬರ್ ಇಟ್ಟುಕೊಂಡು ‘ಕಾಯಿಲೆ ವಾಸಿ ಮಾಡುತ್ತೇವೆ’ ಅಂದರೆ ಅಲ್ಲೇ ಸುಳ್ಳು ಗೊತ್ತಾಗುತ್ತದೆ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆ ಅಂತ ಔಷಧಿಯ ಜಾಹೀರಾತು ಕೊಡುವುದನ್ನೇ 1954ರ ಡ್ರಗ್ಸ್ ಅಂಡ್ ಮ್ಯಾಜಿಕ್ ರೆಮಿಡೀಸ್ ಕಾಯ್ದೆ ತಡೆಯುತ್ತದೆ. ಬಸ್ ಸ್ಟ್ಯಾಂಡ್ ಗೋಡೆಯ ಪೋಸ್ಟರ್ ನೋಡಿದಾಗ ಇದನ್ನು ನೆನಪಿಟ್ಟುಕೊಳ್ಳಿ. ಅಷ್ಟು ರಾಜಾರೋಷವಾಗಿ ಕಾನೂನು ಮುರಿಯುವವರು ಡಬ್ಬಿಯೊಳಗೆ ಮಾತ್ರ ನಿಯಮ ಪಾಲಿಸಿರುತ್ತಾರಾ?

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಹೋದ ಚಳಿಗಾಲದಲ್ಲಿ ಕ್ಯಾತ್ಸಂದ್ರದ ಕಡೆಯವರೊಬ್ಬರು ಬಂದಿದ್ದರು, ಐವತ್ತು ದಾಟಿದವರು. ಶರ್ಟ್ ಜೇಬಿನಿಂದ ಜಿಪ್ ಕವರ್ ತೆಗೆದು ಕೌಂಟರ್ ಮೇಲೆ ಇಟ್ಟರು, ಒಳಗೆ ಕಂದು ಬಣ್ಣದ ಎರಡು ಕ್ಯಾಪ್ಸೂಲ್ ಇತ್ತು, ಮೇಲೆ ಒಂದಕ್ಷರ ಇಲ್ಲ. ‘ಟೆಂಟಿನಲ್ಲಿ ಕೊಟ್ಟಿದ್ದು, ಮುಕ್ಕಾಲು ಗಂಟೆಯಲ್ಲೇ ಕೆಲಸ ಮಾಡುತ್ತೆ, ಆದರೆ ತಲೆ ಸಿಡಿಯುತ್ತೆ, ಮುಖ ಬಿಸಿ ಆಗುತ್ತೆ, ಮೂಗು ಕಟ್ಟುತ್ತೆ, ಇದಕ್ಕೇನಾದರೂ ಕೊಡಿ’ ಅಂದರು. ಕವರ್ ತೆಗೆಯುವಾಗ ಅದರ ಜೊತೆಗೇ ಇನ್ನೊಂದು ಸ್ಟ್ರಿಪ್ ಜಾರಿ ಬಿತ್ತು. ಸಾರ್ಬಿಟ್ರೇಟ್. ಎದೆನೋವು ಬಂದರೆ ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಮಾತ್ರೆ. ನನ್ನ ಕೈ ತಣ್ಣಗಾಯಿತು.

ಯಾಕೆ ಅಂದರೆ, ಬೇರು ಅರೆದ ಪುಡಿ ಮುಕ್ಕಾಲು ಗಂಟೆಯಲ್ಲಿ ಹಾಗೆ ಕೆಲಸ ಮಾಡುವುದಿಲ್ಲ. ಅಶ್ವಗಂಧವನ್ನೇ ತಗೊಳ್ಳಿ, ನಮ್ಮ ಕಡೆ ಹಿರೇಮದ್ದು ಅಂತಾರೆ. ಅದರ ಮೇಲೆ ನಡೆದ ಅಧ್ಯಯನಗಳಲ್ಲಿ ಸಾಮಾನ್ಯವಾಗಿ ಸುಮಾರು 8 ವಾರ ದಿನಾ ಕೊಟ್ಟು ನೋಡಿದ್ದಾರೆ, ಅಷ್ಟಾದರೂ ಸಿಕ್ಕ ಫಲ ದೊಡ್ಡದೇನಲ್ಲ. ಗಂಟೆಯೊಳಗೆ ಫಲ, ಜೊತೆಗೆ ತಲೆನೋವು, ಮುಖ ಕೆಂಪಾಗುವುದು, ಮೂಗು ಕಟ್ಟುವುದು, ಕೆಲವರಿಗೆ ಕಣ್ಣೆದುರು ನೀಲಿ ಛಾಯೆ, ಇವೆಲ್ಲ ಸಿಲ್ಡೆನಾಫಿಲ್‌ನ ಗುರುತು. 1998ರಲ್ಲಿ ವಯಾಗ್ರ ಹೆಸರಿನಲ್ಲಿ ಮಾರುಕಟ್ಟೆಗೆ ಬಂದ ಔಷಧಿ ಅದೇ. ‘ಶುದ್ಧ ಗಿಡಮೂಲಿಕೆ’ ಅಂತ ಮಾರುವ ಡಬ್ಬಿಗಳಲ್ಲಿ ಇದನ್ನೂ ಇದೇ ಥರದ ಇನ್ನೊಂದು ಔಷಧಿ ತಡಲಾಫಿಲ್‌ನ್ನೂ ಗುಟ್ಟಾಗಿ ಬೆರೆಸಿದ್ದು ಲ್ಯಾಬ್‌ಗಳಲ್ಲಿ ಮತ್ತೆ ಮತ್ತೆ ಸಿಕ್ಕಿದೆ, ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಂಥ ಮಾಲಿನ ಮೇಲೆ ವರ್ಷಗಳಿಂದ ಎಚ್ಚರಿಕೆ ಕೊಡುತ್ತಲೇ ಇದೆ.

ಡಾಕ್ಟರ್ ನೋಡಿ ಅಳತೆ ಮಾಡಿ ಕೊಟ್ಟರೆ ಸಿಲ್ಡೆನಾಫಿಲ್ ಒಳ್ಳೆಯ ಔಷಧಿಯೇ. ಎಷ್ಟಿದೆ ಅಂತ ಗೊತ್ತಿಲ್ಲದೆ, ಇದೆ ಅಂತಲೇ ಗೊತ್ತಿಲ್ಲದೆ ನುಂಗುವುದರಲ್ಲಿ ಅಪಾಯ ಇದೆ. ಅದರ ಜೊತೆ ಸಾರ್ಬಿಟ್ರೇಟ್ ಥರದ ನೈಟ್ರೇಟ್ ಮಾತ್ರೆ ಸೇರಿದರೆ ಬಿಪಿ ಏಕಾಏಕಿ ಕುಸಿಯುತ್ತದೆ, ಜೀವ ಹೋಗಬಹುದು. ಇಂಥ ಕ್ಯಾಪ್ಸೂಲ್ ತಗೊಂಡ ಮೇಲೆ ಎದೆನೋವು ಬಂತು ಅಂದುಕೊಳ್ಳಿ, ಆಸ್ಪತ್ರೆಯಲ್ಲಿ ಮೊದಲ ಮಾತೇ ‘ನಾನು ಇದನ್ನು ತಗೊಂಡಿದ್ದೇನೆ’ ಅನ್ನುವುದಾಗಿರಲಿ. ಹೆಂಡತಿ, ಮಕ್ಕಳು ಪಕ್ಕದಲ್ಲೇ ಇದ್ದರೂ ಹೇಳಿ. ಡ್ಯೂಟಿ ಡಾಕ್ಟರಿಗೆ ಅದು ಗೊತ್ತಿಲ್ಲದಿದ್ದರೆ ನೈಟ್ರೇಟ್ ಕೊಟ್ಟುಬಿಡಬಹುದು.

ಹಾಗಂತ ನಿಧಾನವಾದ ಮೂಲಿಕೆ ಎಲ್ಲ ಸುರಕ್ಷಿತ ಅಂತಲೂ ಅಲ್ಲ. ಅಶ್ವಗಂಧದಿಂದ ಲಿವರ್ ಕೆಟ್ಟ ವರದಿಗಳಿವೆ, ಥೈರಾಯ್ಡ್ ಮಾತ್ರೆ ನುಂಗುವವರು ಕೇಳದೆ ಮುಟ್ಟಬಾರದು. ನೆಗ್ಗಿಲು ಮುಳ್ಳು ಗಂಡಸರ ಹಾರ್ಮೋನ್ ಏರಿಸುತ್ತದೆ ಅಂತ ಜೋರು ಪ್ರಚಾರ ಇದೆ, ಪ್ರಯೋಗಗಳಲ್ಲಿ ಅದು ಸರಿಯಾಗಿ ಕಂಡುಬಂದಿಲ್ಲ. ನಸುಗುನ್ನಿ ಬೀಜದಲ್ಲಿ ಎಲ್-ಡೋಪಾ ಇದೆ, ಪಾರ್ಕಿನ್ಸನ್ ಕಾಯಿಲೆಗೆ ಕೊಡುವ ಔಷಧಿಯೇ ಅದು, ಹಾಗಾಗಿ ಸುಮ್ನೆ ಪುಡಿ ಅಂತ ತಿನ್ನಬೇಡಿ. ಶಿಲಾಜಿತ್ ಸರಿಯಾಗಿ ಶುದ್ಧಿ ಆಗದಿದ್ದರೆ ಸೀಸದಂಥ ಲೋಹಗಳು ಉಳಿದಿರಬಹುದು, ಲ್ಯಾಬ್ ರಿಪೋರ್ಟ್ ಕೇಳಿ. ಪಟ್ಟಿಯಲ್ಲಿ ಅಹಿಫೇನ ಅಂತ ಇದ್ದರೆ ಅದು ಅಫೀಮು. ಅಭ್ಯಾಸ ಹತ್ತಿದರೆ ಬಿಡಿಸುವುದು ಬಹಳ ಕಷ್ಟ. ಸಿದ್ದರಬೆಟ್ಟದ ಗಿಡಮೂಲಿಕೆ ಅಂದರೆ ನಮ್ಮ ಜಿಲ್ಲೆಯವರಿಗೆ ಭಕ್ತಿ, ನನಗೂ ಇದೆ. ಆದರೆ ಆ ಬೆಟ್ಟದ ಹೆಸರು ಹೇಳಿ ರಸ್ತೆ ಬದಿ ಮಾರುವ ಪೊಟ್ಟಣದಲ್ಲಿ ಏನಿದೆ ಅಂತ ಬೆಟ್ಟ ಬಂದು ಹೇಳುವುದಿಲ್ಲ ಅಲ್ವಾ.

ಧಾತು ಹೋಗುತ್ತಿದೆ, ನಿದ್ದೆಯಲ್ಲಿ ಹೋಗುತ್ತೆ ಅಂತ ಹೆದರಿ ಬರುವ ಹುಡುಗರಿಗೆ ಒಂದು ಮಾತು. ಅದು ಕಾಯಿಲೆ ಅಲ್ಲ ಮಕ್ಕಳೇ. ಯಾವ ಡಬ್ಬಿಯೂ ಬೇಡ. ಆ ಭಯ ನಿದ್ದೆಗೆಡಿಸುವಷ್ಟು ಜಾಸ್ತಿ ಆಗಿದ್ದರೆ 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಟೆಲಿ ಮಾನಸ್, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ವಯಸ್ಸಾದವರಿಗೆ ನಾನು ಹೇಳುವುದೇ ಬೇರೆ. ಆ ಡಬ್ಬಿಗೆ ಸಾವಿರಾರು ರೂಪಾಯಿ ಸುರಿಯುವ ಮುಂಚೆ ಶುಗರ್, ಬಿಪಿ, ಕೊಲೆಸ್ಟ್ರಾಲ್ ನೋಡಿಸಿ. ಶಿಶ್ನದ ರಕ್ತನಾಳಗಳು ಹೃದಯದ ರಕ್ತನಾಳಗಳಿಗಿಂತ ಸಣ್ಣವು, ಹಾಗಾಗಿ ನಾಳ ಕಟ್ಟಿಕೊಳ್ಳುವ ತೊಂದರೆ ಎಷ್ಟೋ ಸಲ ಮೊದಲು ಅಲ್ಲೇ ಕಾಣಿಸುತ್ತದೆ, ಎದೆನೋವು ವರ್ಷಗಳ ಮೇಲೆ ಬರುತ್ತದೆ. ಬೀಡಿ ಸಿಗರೇಟು ಇದ್ದರೆ ಇನ್ನೂ ಬೇಗ. ಬಿಪಿ ಮಾತ್ರೆ, ಖಿನ್ನತೆಯ ಮಾತ್ರೆಗಳಿಂದಲೂ ನಿಮಿರುವಿಕೆ ಕಡಿಮೆ ಆಗಬಹುದು, ಅದನ್ನು ನೀವೇ ನಿಲ್ಲಿಸಬೇಡಿ, ಬರೆದುಕೊಟ್ಟವರಿಗೆ ಹೇಳಿ, ಬದಲಾಯಿಸುವ ದಾರಿ ಇರುತ್ತದೆ. ಬೆಳಗಿನ ಜಾವ ತಾನಾಗಿ ನಿಮಿರುತ್ತದೆಯೋ ಇಲ್ಲವೋ ಅಂತ ಡಾಕ್ಟರ್ ಕೇಳುತ್ತಾರೆ, ನಾಚಿಕೊಳ್ಳದೆ ನಿಜ ಹೇಳಿ. ತೊಂದರೆ ದೇಹದ್ದೋ ಮನಸ್ಸಿನದೋ ಅನ್ನುವುದಕ್ಕೆ ಅವರಿಗೆ ಅದೇ ಸುಳಿವು.

ಕ್ಯಾತ್ಸಂದ್ರದವರಿಗೆ ನಾನು ತಲೆನೋವಿನ ಮಾತ್ರೆ ಕೊಡಲಿಲ್ಲ. ಎರಡನ್ನೂ ಪಕ್ಕ ಪಕ್ಕ ಇಟ್ಟು ಏನಾಗಬಹುದು ಅಂತ ಹೇಳಿ, ಅವರ ಹೃದಯದ ಡಾಕ್ಟರಿಗೆ ಅಲ್ಲಿಂದಲೇ ಫೋನ್ ಮಾಡಿಸಿದೆ. ಕ್ಯಾಪ್ಸೂಲ್ ಎಸೆಯಬೇಕಾ ಅಂತ ಕೇಳಿದರು. ಬೇಡ, ಅದೇ ಕವರಿನಲ್ಲಿ ಡಾಕ್ಟರ್ ಹತ್ತಿರ ತಗೊಂಡು ಹೋಗಿ ತೋರಿಸಿ ಅಂದೆ. ನಿಮ್ಮ ಮನೆಯಲ್ಲೂ ಅಂಥದ್ದು ಇದ್ದರೆ ಹಾಗೇ ಮಾಡಿ, ಡಬ್ಬಿ ಖಾಲಿ ಆಗಿದ್ದರೂ ಸರಿ.